ನಾದಿನಿಯ ವೈಟ್ನರ್ ಬಾಟಲಿ

ನನ್ನ ನಾದಿನಿ ಮೂವತ್ತೆರಡು ವರ್ಷ ಕಂಡವರ ಪಿಎಚ್.ಡಿ. ಟೈಪ್ ಮಾಡಿದವಳು. ಅವಳ ಕೈಯಿಂದ ಹೋದ ಒಂದು ಪ್ರಬಂಧವೂ ತಪ್ಪಿದೆಯೆಂದು ವಾಪಸ್ ಬಂದಿರಲಿಲ್ಲ. ಅದೇ ಅವಳ ಆಸ್ತಿ, ಅದೇ ಅವಳ ಜಂಬ. ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆ ಅವಳ ಕಚೇರಿ, ಹಿಂದಿನ ಅಡುಗೆಮನೆ ನನ್ನ ರಾಜ್ಯ.

ಮೊದಲೆಲ್ಲ ಅವಳ ಮೇಜಿನ ಮೇಲೆ ಒಂದು ಬೂಟಿನ ಡಬ್ಬಿ ಇರುತ್ತಿತ್ತು. ಪ್ರಬಂಧದಲ್ಲಿ ಹೆಸರು ಬಂದ ಒಂದೊಂದು ಪುಸ್ತಕಕ್ಕೂ ಅದರಲ್ಲಿ ಒಂದು ಚೀಟಿ: ಬರೆದವರು ಯಾರು, ಯಾವ ವರ್ಷ, ಎಷ್ಟನೇ ಪುಟ. ಎಲ್ಲಕ್ಕೂ ಸಾಲಾಗಿ ಸಂಖ್ಯೆ. ಕೆಲಸ ಮುಗಿಯುವ ಹೊತ್ತಿಗೆ ಯಾರಾದರೂ ಬಂದು, "ಮೇಡಂ, ಶುರುವಿನಲ್ಲೇ ಇನ್ನೊಂದು ಪುಸ್ತಕ ಸೇರಿಸ್ಬೇಕಿತ್ತು," ಅಂದರೆ ಮುಗಿಯಿತು. ಅಲ್ಲಿಂದ ಮುಂದಿನ ಇನ್ನೂರು ಸಂಖ್ಯೆಯನ್ನೂ ಬದಲಿಸಬೇಕು. ವೈಟ್ನರ್ ಬಾಟಲಿ ಹಿಡಿದು ಕುಳಿತರೆ ಊಟಕ್ಕೆ ಏಳುತ್ತಿರಲಿಲ್ಲ. ಮೂಗಿನ ತುದಿಯಲ್ಲೂ ಬಿಳಿ.

ಐವತ್ತೇಳನೇ ವಯಸ್ಸಿನಲ್ಲಿ ಹಟ ಹಿಡಿದು ಅದಕ್ಕೆಂದೇ ಇರುವ ತಂತ್ರಾಂಶ ಕಲಿತಳು. ಚೀಟಿಗಳನ್ನೆಲ್ಲ ಒಮ್ಮೆ ಕಂಪ್ಯೂಟರಿಗೆ ಉಣಿಸಿದರೆ ಸಾಕು. ಹೊಸ ಪುಸ್ತಕ ಬಂದರೆ ಸಂಖ್ಯೆಗಳು ತಾವೇ ಸರಿದು ಜಾಗ ಕೊಡುತ್ತವೆ, ಬಸ್ಸಿಗೆ ಬಸುರಿ ಹತ್ತಿದಾಗ ಜನ ಸರಿದು ಕೂರುವಂತೆ. ಬೂಟಿನ ಡಬ್ಬಿ ನನ್ನ ಈರುಳ್ಳಿಗೆ ಬಂತು. ವೈಟ್ನರ್ ಬಾಟಲಿ ಮಾತ್ರ ಮೇಜಿನ ಮೇಲೇ ಉಳಿಯಿತು.

ಆ ವರ್ಷ ಬಂದವಳು ಇರುವೆ ಮೇಡಂ. ಸಕ್ಕರೆ ಹಾಕಿದ ತಟ್ಟೆಗೆ ಎಷ್ಟು ಇರುವೆ ಬರುತ್ತವೆ ಎಂದು ಮೂರು ವರ್ಷ ಎಣಿಸಿದ ಹುಡುಗಿ. "ನಮ್ಮನೆ ಸಕ್ಕರೆ ಡಬ್ಬಿ ತೆಗೆದಿದ್ರೆ ಮೂರೇ ದಿನಕ್ಕೆ ಮುಗೀತಿತ್ತಲ್ಲಮ್ಮ," ಎಂದು ನಾನು ನಗಿಸಿದ್ದೆ. ಆಗ ಯೂನಿವರ್ಸಿಟಿಯವರು ಹೊಸ ನಿಯಮ ತಂದಿದ್ದರು. ಅಚ್ಚಾದ ಪುಟ ಕೊಟ್ಟರೆ ಸಾಲದು. ಎಣಿಕೆಯ ಮೂಲ ಹಾಳೆಯನ್ನೂ ಕಂಪ್ಯೂಟರಿನಲ್ಲೇ ಕೊಡಬೇಕು. ಅವರು ಅಲ್ಲಿ ಗುಂಡಿ ಒತ್ತಿದರೆ ಕೋಷ್ಟಕಗಳೆಲ್ಲ ಹೊಸದಾಗಿ ಹುಟ್ಟಿ, ಅಚ್ಚಾದ ಪುಟಕ್ಕೆ ತಾಳೆಯಾಗಬೇಕು.

ತಾಳೆಯಾಗಲಿಲ್ಲ. ಏಳನೇ ತಟ್ಟೆಗೆ ಪುಟದಲ್ಲಿ ನಲವತ್ತಮೂರು ಇರುವೆ, ಅವರ ಕಂಪ್ಯೂಟರಿನಲ್ಲಿ ಮೂವತ್ತನಾಲ್ಕು. ನಾದಿನಿ ಪುಟದಲ್ಲಿ ನಲವತ್ತಮೂರನ್ನೇ ಹೊಸದಾಗಿ ಒತ್ತಿ ಕಳಿಸಿದಳು. ಮತ್ತೆ ವಾಪಸ್ ಬಂತು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಮುಂದಿನ ವರ್ಷವೇ ಎಂದು ಬರೆದಿದ್ದರು. ಹುಡುಗಿಗೆ ಸಿಕ್ಕಿದ್ದ ಮೇಷ್ಟ್ರ ಕೆಲಸ ಅಷ್ಟು ದಿನ ಕಾಯುವಂಥದ್ದಲ್ಲ. ಅವಳು ಕಣ್ಣೀರು ಹಾಕಿಕೊಂಡು ಹೋದಳು. ನಾದಿನಿಯ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು.

"ಅವ್ರ ಮಿಷನ್ನಿಗೇ ಏನೋ ರೋಗ, ಅತ್ತಿಗೆ. ನಾನು ಎರಡು ಸಲ ತಿದ್ದಿದೀನಿ!"

"ರೋಗ ಯಾರಿಗಿದ್ಯೋ, ಊಟ ಮಾಡು ಬಾ."

ಬುಧವಾರ ಬೆಳಿಗ್ಗೆ ಅಡುಗೆಮನೆಯ ನಲ್ಲಿ ಸೋರಿ ನೆಲವೆಲ್ಲ ನೀರು. ನಾನು ಒರೆಸುತ್ತಿದ್ದೆ, ಅದು ಮತ್ತೆ ತುಂಬುತ್ತಿತ್ತು. ಕಾಫಿಗೆ ಬಂದ ನಾದಿನಿ ರೇಗಿದಳು.

"ಅಯ್ಯೋ ಅತ್ತಿಗೆ, ನೆಲ ಒರೆಸ್ತಾ ಕೂತಿದೀರಲ್ಲ! ಮೊದ್ಲು ಮೇಲಿನ ವಾಲ್ವ್ ತಿರುಗ್ಸಿ!"

ಅಂದವಳೇ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಆಮೇಲೆ ಮುಂದಿನ ಕೋಣೆಗೆ ಓಡಿದಳು. ವಾಲ್ವ್ ನಾನೇ ತಿರುಗಿಸಬೇಕಾಯಿತು.

ಆಗಿದ್ದಿಷ್ಟೇ. ಹುಡುಗಿಯ ನೋಟ್‌ಬುಕ್ಕಿನಲ್ಲಿ ನಲವತ್ತಮೂರು ಇದ್ದದ್ದನ್ನು ಇವಳು ಮೂಲ ಹಾಳೆಗೆ ಹಾಕುವಾಗ ತಿರುಗುಮುರುಗಾಗಿ ಒತ್ತಿದ್ದಳು. ಅಚ್ಚಾದ ಪುಟದಲ್ಲಿ ಹುಡುಗಿ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಟ್ಟಾಗ ಇವಳು ಪುಟದಲ್ಲಷ್ಟೇ ತಿದ್ದಿದಳು. ಮೂವತ್ತೆರಡು ವರ್ಷ ವೈಟ್ನರ್ ಹಚ್ಚಿದ ಕೈ ಅಲ್ಲವೇ! ತಪ್ಪು ಕಂಡಲ್ಲೇ ಬಳಿಯಿತು. ಮೂಲದಲ್ಲಿ ತಪ್ಪು ಹಾಗೇ ಇತ್ತು. ಅಲ್ಲಿ ಗುಂಡಿ ಒತ್ತಿದಾಗಲೆಲ್ಲ ಎದ್ದು ಬರುತ್ತಿತ್ತು.

ಒಂದನ್ನು ಸರಿಮಾಡಿ ಸುಮ್ಮನಾಗಬಹುದಿತ್ತು. ಅವಳು ಆಗಲಿಲ್ಲ. ಹುಡುಗಿಗೆ ಫೋನ್ ಮಾಡಿ ಕರೆಸಿ, "ತಪ್ಪು ನಂದೇ ಕಣಮ್ಮ. ಇನ್ನೆಷ್ಟಿದ್ಯೋ, ಎಲ್ಲಾ ನೋಡ್ಬೇಕು," ಅಂದಳು. ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಣ್ಣನ ಎದುರಿಗೂ ಅಂದವಳಲ್ಲ.

ನಾಲ್ಕನೇ ಕ್ಲಾಸು ಓದಿದ ನನಗೆ ಅಂಕಿ ಓದಲು ಬರುತ್ತದಲ್ಲ, ನನ್ನನ್ನೂ ಕೂರಿಸಿದರು. ನಾನು ನೋಟ್‌ಬುಕ್ ಓದುವುದು, ಹುಡುಗಿ ಮೂಲ ಹಾಳೆ ನೋಡುವುದು, ನಾದಿನಿ ತಿದ್ದುವುದು. ಮುನ್ನೂರ ಹನ್ನೆರಡು ತಟ್ಟೆ. ಎರಡು ದಿನ ಅಡುಗೆ ಬರೀ ಅನ್ನ, ಸಾರು.

"ನೂರಾ ಆರನೇ ತಟ್ಟೆ, ಸೊನ್ನೆ," ಎಂದೆ.

"ಅದೇನು, ಒಂದೂ ಬಂದಿಲ್ವಾ?" ಎಂದು ಕೇಳಿದಳು ನಾದಿನಿ.

"ಅವತ್ತು ಸಕ್ಕರೆ ಹಾಕೋದೇ ಮರ್ತಿದ್ದೆ, ಅಕ್ಕ," ಎಂದು ಹುಡುಗಿ ನಾಲಿಗೆ ಕಚ್ಚಿಕೊಂಡಳು. ಮೂವರೂ ಬಿದ್ದು ಬಿದ್ದು ನಕ್ಕೆವು. ಕೊನೆಗೆ ಆ ತಟ್ಟೆಯನ್ನು ಲೆಕ್ಕದಿಂದ ಬಿಟ್ಟು, ಏಕೆ ಬಿಟ್ಟಿದೆಯೆಂದು ಪುಟದ ಅಡಿಯಲ್ಲಿ ಬರೆದರು. ತಿರುಗುಮುರುಗಾದ ಅಂಕಿ ಇನ್ನೂ ಎರಡು ಸಿಕ್ಕವು.

ಗುರುವಾರ ಸಂಜೆ ಕಳಿಸಿದರು. ಶುಕ್ರವಾರ ಮೂರು ಗಂಟೆಗೆ ಹುಡುಗಿ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ಕೂಗಿದಳು: "ಅಕ್ಕಾ, ನಲವತ್ತಮೂರು! ಎಲ್ಲಾ ತಾಳೆಯಾಯ್ತು!"

ನಾದಿನಿ ಮೇಜಿನ ಮೇಲಿದ್ದ ವೈಟ್ನರ್ ಬಾಟಲಿ ತಂದು ನನ್ನ ಕೈಗಿಟ್ಟಳು.

"ಇದನ್ನ ನೀವೇ ಇಟ್ಕೊಳ್ಳಿ ಅತ್ತಿಗೆ. ನನ್ನ ಕಣ್ಣಿಗೆ ಬೀಳ್ಬಾರದು."

ಫ್ರಿಜ್ಜಿನ ಬಾಗಿಲಲ್ಲಿ ಬಣ್ಣ ಎದ್ದುಹೋದ ಕಡೆಯೆಲ್ಲ ಹಚ್ಚಿದ್ದೇನೆ. ಹೊಸದರಂತೆ ಕಾಣುತ್ತಿದೆ.