ಬಲಗಡೆ ಕೂತಿದ್ದವನು

ಟಪ್. ಖಾಲಿ ತೋಟಾ ಮತ್ತೆ ಕಾಲಬುಡದಲ್ಲೇ ಬಿತ್ತು. ಎರಡು ಮಾರಾದರೂ ಹಾರಿ ಹುಲ್ಲಿಗೆ ಬೀಳಬೇಕಿತ್ತು ಅದು.

ಓವಿ ಮೆನಾರ್ ನಮ್ಮ ಲೂಯಿಸಿಯಾನಾದ ಜೌಗಿನಂಚಿನಲ್ಲಿ ನಲವತ್ತು ವರ್ಷದಿಂದ ಕೋವಿ ರಿಪೇರಿ ಮಾಡುವವನು. ಸೀಗಡಿ ಹಿಡಿಯುವವರದು, ಭತ್ತ ಬೆಳೆಯುವವರದು, ಎಲ್ಲರ ಕೋವಿಯೂ ಬಾತುಕೋಳಿ ಬೇಟೆ ಶುರುವಾಗುವ ಮುಂಚೆ ಅವನ ಮೇಜು ಹತ್ತಿ ಇಳಿಯುತ್ತಿತ್ತು. ಮದುವೆಯಾಗಲಿಲ್ಲ. ಇದ್ದ ಒಬ್ಬ ಗೆಳೆಯ ನೋಲನ್. ಮೂವತ್ತೊಂದು ಚಳಿಗಾಲ ಇಬ್ಬರೂ ಜೌಗಿನ ಆಪುಹುಲ್ಲಿನ ಮರೆಯಲ್ಲಿ ಒಂದೇ ಹಲಗೆಯ ಮೇಲೆ ಕೂತರು. ಕಳೆದ ಬೇಸಿಗೆಯಲ್ಲಿ ನೋಲನ್ ತೀರಿಕೊಂಡ. ಈ ಸಲ ಓವಿ ಒಬ್ಬನೇ ಹೋದ. ಮೊದಲ ದಿನವೇ ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಹಕ್ಕಿಗಳು ತಲೆಯ ಮೇಲಿಂದ ಹಾದು ಹೋದವು.

ತನ್ನ ಕೋವಿಯನ್ನೇ ಸರಿಮಾಡಲಾಗದವನು ಊರಿನವರದನ್ನು ಹೇಗೆ ಮುಟ್ಟುವುದು? ತೋಟಾ ಕೂರುವ ಗೂಡನ್ನು ಉಜ್ಜಿ ಕನ್ನಡಿ ಮಾಡಿದ. ತೋಟಾದ ಅಂಚು ಹಿಡಿದೆಳೆಯುವ ಕೊಕ್ಕೆ ಬದಲಿಸಿದ, ಅದರ ಸ್ಪ್ರಿಂಗ್ ಬದಲಿಸಿದ, ಹೊರಕ್ಕೆ ಚಿಮ್ಮಿಸುವ ತುಂಡನ್ನೂ ಬದಲಿಸಿದ. ಆದರೂ ಟಪ್. ಅಂಗಡಿಯ ಬೋರ್ಡು ಇಳಿಸಿಬಿಡೋಣವೆಂದು ಏಣಿ ತಂದು ಗೋಡೆಗೆ ಒರಗಿಸಿದ.

ನೋಲನ್‌ನ ಹೆಂಡತಿ ಎರ್ಲೀನ್ ಸಾರಿನ ಪಾತ್ರೆ ಹಿಡಿದು ಹಿತ್ತಿಲಿಗೆ ಬಂದದ್ದು ಆಗಲೇ.

"ಏಣಿ ಯಾಕೋ? ಬಾತುಕೋಳಿ ಸೂರಿನ ಮೇಲೆ ಕೂತಿದ್ಯಾ?"

"ಬೋರ್ಡು ಇಳಿಸೋಕೆ. ಕೈ ಹೋಯ್ತು ಎರ್ಲೀನ್. ನೋಡು." ಜೌಗಿನ ಕಡೆ ಒಂದು ಗುಂಡು ಹಾರಿಸಿ, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದ. ಟಪ್.

"ಕೊಡಿಲ್ಲಿ, ಮುದುಕಾ."

ಪಾತ್ರೆ ಕೆಳಗಿಟ್ಟು ಕೋವಿ ಇಸಿದುಕೊಂಡು ಆಕೆಯೂ ಒಂದು ಗುಂಡು ಹೊಡೆದಳು. ಹಿಡಿಯನ್ನು ಝಾಡಿಸಿ ಎಳೆದಳು. ತೋಟಾ ಬಲಕ್ಕೆ ಹಾರಿ ಕೋಳಿಗೂಡಿನ ತಗಡಿಗೆ ಠಣ್ಣೆಂದು ಬಡಿಯಿತು.

"ಕೋವಿಗೇನಾಗಿದೆ ರೋಗ? ನೀನು ತೊಟ್ಟಿಲು ತೂಗೋ ಹಾಗೆ ಎಳೀತೀಯ."

"ಪೂರಾ ಎಳಿ, ಜೋರಾಗಿ ಎಳಿ ಅಂತ ಊರಿಗೆಲ್ಲ ಹೇಳಿಕೊಟ್ಟವನೇ ನಾನು!"

"ಹೇಳಿಕೊಟ್ಟೆ. ನೀನು ಎಳೀಲಿಲ್ಲ. ನಿನ್ನ ಬಲಗಡೆ ಕೂರ್ತಿದ್ದವನು ಯಾರು? ಬೇರೆಯವರ ಜೊತೆ ಹೋದಾಗೆಲ್ಲ ಬಿಸಿ ತೋಟಾ ತಗುಲಿ ಕಿವಿ ಸುಟ್ಕೊಂಡು ಬರ್ತಿದ್ದ. ನಿನ್ನ ಜೊತೆ ಹೋದ್ರೆ ಜೇಬು ತುಂಬ ಖಾಲಿ ತೋಟಾ, ಸಿಕ್ಕಿಕೊಂಡಿದ್ದನ್ನೂ ತಾನೇ ಕಿತ್ತು ಹಾಕ್ಕೊಳ್ತಿದ್ದ. 'ಓವಿ ನನ್ನ ತೊಡೆ ಮೇಲೇ ಇಡ್ತಾನೆ ಕಣೇ' ಅಂತ ನಗ್ತಿದ್ದ."

ಓವಿ ಹಿಡಿ ಎಳೆಯುವ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಎಂಬಂತೆ.

"ಇನ್ನು ಜೋರಾಗಿ ಎಳಿ," ಎಂದಳು ಎರ್ಲೀನ್. "ಆ ಕಡೆ ಯಾರೂ ಇಲ್ಲ."

ಅವನು ಕೋವಿ ತೆಗೆದುಕೊಂಡ. ಹೊಡೆದ. ಕಣ್ಣುಮುಚ್ಚಿ ಎಳೆದ. ತೋಟಾ ಬಲಕ್ಕೆ ಚಿಮ್ಮಿ ಎತ್ತರದ ಹುಲ್ಲಿನಲ್ಲಿ ಎಲ್ಲೋ ಬಿತ್ತು. ಬಿದ್ದ ಸದ್ದೂ ಕೇಳಲಿಲ್ಲ.

"ನೋಡಿದ್ಯಾ? ಹಾಗಾದ್ರೆ ಆ ಏಣಿ ನಂಗೆ ಬೇಕು, ನಮ್ಮನೆ ಸೂರು ಸೋರ್ತಿದೆ. ಸಾರು ಆರಿಹೋಗತ್ತೆ, ಅನ್ನಕ್ಕೆ ಇಡ್ಲಾ? ಓವಿ, ನಿನ್ನನ್ನೇ ಕೇಳ್ತಿರೋದು, ಅನ್ನಕ್ಕೆ..."

ಓವಿ ಕೋವಿಯನ್ನು ಏಣಿಗೆ ಒರಗಿಸಿ, ಹುಲ್ಲು ಸರಿಸುತ್ತಾ, ಆ ತೋಟಾ ಹುಡುಕಿಕೊಂಡು ನಡೆದುಬಿಟ್ಟ.