ಜೇಡದ ಕನಸಿಗೆ ಬೂಬು ಹೇಳಿದ ಅರ್ಥ

ಮೊನ್ನೆ ಗೋಳಗುಮ್ಮಟದ ಹತ್ತಿರ ಒಂದು ಬಳೆ ಅಂಗಡಿಯಲ್ಲಿ ಕೂತಿದ್ದೆ. ಬಸುರಿ ಮೊಮ್ಮಗಳ ಕುಬಸ ಹತ್ತಿರ ಬಂದಿತ್ತು, ಹಸಿರು ಬಳೆ ಇಡಿಸಬೇಕಿತ್ತು. ಅಂಗಡಿಯ ಹುಡುಗಿ ಬಸುರಿಯ ಕೈಗೆ ಒಂದು ಪ್ಲಾಸ್ಟಿಕ್ ಚೀಲ ತೊಡಿಸಿದಳು. ಕಾಯಿಪಲ್ಲೆ ತರುತ್ತೇವಲ್ಲ, ಅಂಥ ಚೀಲ. ಅದರ ಮೇಲಿಂದ ಬಳೆಗಳನ್ನು ಜರ್ ಎಂದು ಏರಿಸಿದಳು, ಚೀಲ ಎಳೆದು ಬುಟ್ಟಿಗೆ ಎಸೆದಳು. ಮುಗಿಯಿತು. ಕೈಯನ್ನು ಮುಟ್ಟಲೇ ಇಲ್ಲ.

ಆ ಚೀಲದ ಸಪ್ಪಳ ಕೇಳಿ ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ. ಐವತ್ತು ವರ್ಷದ ಹಿಂದೆ ನನ್ನ ಕೈ ಹಿಡಿದು ಬಳೆ ಇಡುತ್ತಿದ್ದ ಆ ಹೆಂಗಸಿನ ಮೇಲೆ...

ಬಳೆಗಾರ್ತಿ ಆಕೆ. ಬೂಬು ಅನ್ನುತ್ತಿದ್ದೆವು. ಸ್ವಂತ ಹೆಸರು ಏನೋ, ಟಿಕೋಟಾದ ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದಿಲ್ಲ. ಊರಿಂದ, ಅಂದರೆ ಈಗಿನ ವಿಜಯಪುರದಿಂದ, ಬಸ್ಸಿಗೆ ಬರುತ್ತಿದ್ದಳು. ಹೆಗಲಿಗೆ ಬಳೆಯ ಮಲಾರ, ಬಾಯಲ್ಲಿ ಎಲೆಅಡಿಕೆ. ನಮ್ಮ ಮನೆಯ ಕಟ್ಟೆಗೆ ಬಂದು ಮಲಾರ ಇಳಿಸಿದಳೆಂದರೆ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯುವುದನ್ನು ಅಲ್ಲಿಗೇ ಬಿಟ್ಟು ಬರುತ್ತಿದ್ದರು. ಆಕೆ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ, ಹಿಟ್ಟು ನಾದಿದಂತೆ ನಾದಿ, ಎಲುಬೇ ಇಲ್ಲವೇನೋ ಅನ್ನುವ ಹಾಗೆ ಮಾಡುತ್ತಿದ್ದಳು. ನೋಡಲು ಸಣ್ಣದು ಅನಿಸಿದ ಬಳೆಯೂ ಮಣಿಕಟ್ಟಿಗೆ ಬಂದು ಕೂಡುತ್ತಿತ್ತು.

ಕೈ ಆಕೆಯ ಕೈಯಲ್ಲಿದ್ದಾಗ ಹೆಂಗಸರ ಬಾಯಿ ತಾನೇ ತೆರೆಯುತ್ತಿತ್ತು. ಎಲ್ಲರೂ ಕನಸು ಹೇಳಿಕೊಳ್ಳುತ್ತಿದ್ದರು. ನಮ್ಮ ಕಡೆ ಒಂದು ನಂಬಿಕೆಯಿತ್ತು: ಕನಸಿಗೆ ಮೊದಲು ಯಾರು ಏನು ಅರ್ಥ ಹೇಳುತ್ತಾರೋ ಅದೇ ಫಲ. ಅದಕ್ಕೇ ಕೆಲವರು ಬೂಬು ಬರುವವರೆಗೆ ಕನಸನ್ನು ಬಾಯಲ್ಲೇ ಕಟ್ಟಿಕೊಂಡು ತಿರುಗುತ್ತಿದ್ದರು. ಗಂಡ ಕೇಳಿದರೂ ಹೇಳುತ್ತಿರಲಿಲ್ಲ.

"ಹಲ್ಲ ಉದರಿದಂಗ ಕನಸ ಬಿತ್ತ ಬೂಬು."

"ಹಳೇ ಬ್ಯಾನಿ ಉದರಿ ಹೋಗ್ತದ."

"ಹಾವು ಬೆನ್ನ ಹತ್ತಿತ್ತ ನೋಡ."

"ಗಂಡ ಕೂಸ ಹುಟ್ಟತೈತಿ. ಕೈ ಸಡ್ಲ ಬಿಡು."

"ಬಾವ್ಯಾಗ ಬಿದ್ದಿದ್ನೆಲ್ಲ?"

"ಮಳಿ ಛಲೋ ಆಗ್ತದ. ಕೈ ಸಡ್ಲ ಬಿಡು ಅಂದ್ನೆಲ್ಲ ಬೇ!"

ಎಲ್ಲದಕ್ಕೂ ಒಳ್ಳೆಯ ಅರ್ಥ. ನನಗೆ ಅದು ಹಿಡಿಸುತ್ತಿರಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ: "ನಿನ್ನ ಮಲಾರದಾಗ ಒಂದೂ ಕೆಟ್ಟ ಕನಸಿಲ್ಲೇನ ಬೂಬು?"

"ಅವನ್ನ ಮಾರಾವ್ರು ಬ್ಯಾರೆ ಮಂದಿ ಭಾಳ ಅದಾರ ಬೇ. ನಾ ಯಾಕ ಹೊರಲಿ?" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಗ ನನ್ನ ಸ್ಥಿತಿ ನಗುವ ಹಾಗಿರಲಿಲ್ಲ. ಎರಡು ಸಲ ಬಸಿರು ನಿಂತು ಹೋಗಿತ್ತು. ಮೂರನೆಯದಕ್ಕೆ ಐದು ತಿಂಗಳು ತುಂಬಿತ್ತು. ನನ್ನತ್ತೆಗೆ ಬಬಲೇಶ್ವರದಲ್ಲಿ ಅಣ್ಣನ ಮಗಳು ಒಬ್ಬಳಿದ್ದಳು. ನನ್ನನ್ನು ತವರಿಗೆ ಅಟ್ಟಿ ಆಕೆಯನ್ನು ಮಗನಿಗೆ ತಂದುಕೊಂಡರೆ ಮನೆ ಬೆಳೆಯುತ್ತದೆ ಅನ್ನುವುದು ಅತ್ತೆಯ ಲೆಕ್ಕಾಚಾರ. ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಲು ಒಂದು ನೆವ ಬೇಕಿತ್ತು. ಒಮ್ಮೆ ನನ್ನ ತವರು ಹೊನವಾಡದ ಬಸ್ಸು ಹತ್ತಿಸಿದರೆ ಮರಳಿ ಕರೆಯಲು ಯಾರೂ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಂಥದರಲ್ಲಿ ನನಗೆ ಜೇಡದ ಕನಸು ಬಿತ್ತು. ದೊಡ್ಡ ಜೇಡ, ನನ್ನ ಹೊಟ್ಟೆಯ ಮೇಲೆ ಕೂತು ಹೆಣೆಯುತ್ತಿತ್ತು. ಹೊಕ್ಕುಳಿಂದ ಜಂತಿಯವರೆಗೆ ಎಳೆ. ಕೈ ಎತ್ತಲು ಹೋದರೆ ಕೈ ಬರುತ್ತಿರಲಿಲ್ಲ... ನಿದ್ದೆಯಲ್ಲಿ ಜ್ಯಾಡ, ಜ್ಯಾಡ ಎಂದು ಕೂಗಿದೆನಂತೆ. ಬೆಳಗಾಗುತ್ತಲೇ ನನ್ನ ಗಂಡ ಅದನ್ನು ಒಯ್ದು ತನ್ನ ಅವ್ವನ ಕಿವಿಗೆ ಹಾಕಿದ. ಅವತ್ತು ಬೂಬು ಬರುವ ದಿನ. ನಾಲ್ಕು ಜನರ ಮುಂದೆ ಹೇಳಿದ ಅರ್ಥ ಗಟ್ಟಿಯಾಗಿ ಕೂಡುತ್ತದಲ್ಲ, ಅದಕ್ಕೆ ಅತ್ತೆ ಕಾದಳು.

ಕಟ್ಟೆ ತುಂಬಿತ್ತು. ಬೂಬು ನನ್ನ ಎಡಗೈ ಹಿಡಿದಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡು ಬಂದು ನಿಂತಳು.

"ಬೂಬು, ನಮ್ಮನಿ ಈಕಿ ಕನಸಿನ್ಯಾಗ ಜ್ಯಾಡ ಬಂದಿತ್ತಂತ. ಜ್ಯಾಡ ಅಂದ್ರ ಅದು..."

"ಅಲ್ಲಾ! ಜ್ಯಾಡ ಬಂದಿತ್ತಾ? ನಸೀಬ ನೋಡ್ರಿ ಈಕೀದು!"

ಎಷ್ಟು ಜೋರಾಗಿ ಕೂಗಿದಳೆಂದರೆ ಗೂಟಕ್ಕೆ ಕಟ್ಟಿದ್ದ ಆಡು ಎದ್ದು ನಿಂತಿತು. ಅತ್ತೆಯ ಮಾತು ಗಂಟಲಲ್ಲೇ ಉಳಿಯಿತು. ಬೂಬು ನಡುವೆ ಉಸಿರೂ ತೆಗೆದುಕೊಳ್ಳಲಿಲ್ಲ. "ನಮ್ಮ ಪೈಗಂಬರರು ಗವಿಯೊಳಗ ಕುಂತಾಗ ಜ್ಯಾಡ ಬಂದು ಬಾಗಲ ತುಂಬ ಬಲಿ ಹೆಣದಿತ್ರಿ. ಬೆನ್ನ ಹತ್ತಿದ ಮಂದಿ ಬಲಿ ನೋಡಿ, ಒಳಗ ಯಾರೂ ಇಲ್ಲಂತ ತಿರುಗಿ ಹೋದ್ರು. ಅದಕ್ಕ ನಾವು ಜ್ಯಾಡಾ ಕೊಲ್ಲಂಗಿಲ್ಲ. ಕಾಯೂ ಹುಳ ಅದು. ನಿಮ್ಮನಿ ಕೂಸಿನ್ನ ಕಾಯಾಕ ಬಂದೈತಿ, ಅತ್ತಿಯವ್ರ!"

ಅತ್ತೆ ಸುಮ್ಮನಿರುವವಳಲ್ಲ. "ಅದಿರಲಿ ಬೂಬು. ಇನ್ನ ಹೆರೂ ತನಕ ತವರಾಗ ಇರ್ಲಿ ಅಂತ ನಂದು ವಿಚಾರ..."

"ಹೊಸ್ತಿಲ ದಾಟಸಬ್ಯಾಡ್ರಿ! ಬಲಿ ಹೆಣಿಯೂ ಜ್ಯಾಡಾ ಯಾರರೆ ಎಬ್ಬಸ್ತಾರೇನ್ರಿ? ಹಡಿಯೂ ತನಕ ಈ ಮನ್ಯಾಗ ಇರಬೇಕು. ಎಬ್ಬಿಸಿದ್ರ ಮನೀಗೇ ಛಲೋ ಅಲ್ಲ ಮತ್ತ."

ಹೆಂಗಸರೆಲ್ಲ ಹೌದು ಹೌದು ಅಂದರು. ಬೂಬು ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತಿದಳು. ಬಳೆ ಏರಿಸುವ ಒತ್ತಲ್ಲ ಅದು. ಬಬಲೇಶ್ವರದಲ್ಲೂ ಆಕೆ ಬಳೆ ಇಡುತ್ತಿದ್ದಳು. ಅತ್ತೆಯ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು, ಅಲ್ಲಿಯ ಮಾತನ್ನೂ ಕೇಳಿಸಿಕೊಂಡೇ ಬಂದಿರಬೇಕು.

ಹೀಗೆ ನಾನು ಮನೆಯಲ್ಲಿ ಉಳಿದೆ. ಅತ್ತೆ ಕೆಟ್ಟವಳಾದರೂ ನಂಬಿಕೆಯ ಹೆಂಗಸು. ಮನೆಗೇ ಛಲೋ ಅಲ್ಲ ಅಂದ ಮೇಲೆ ಕಸಬರಿಗೆಯನ್ನು ಮೇಲೆ ಎತ್ತಲೂ ಬಿಡಲಿಲ್ಲ. ಜಂತಿಗೆ, ಗೋಡೆಯ ಮಾಡಕ್ಕೆ, ಬೀಸುವ ಕಲ್ಲಿನ ಮೂಲೆಗೆ, ಎಲ್ಲಿ ನೋಡಿದರೂ ಬಲೆ. ಒಂದು ದಿನ ಬೇಳೆಯ ಸಾರಿನಲ್ಲಿ ಜೇಡ ಬಿತ್ತು. ಅತ್ತೆ ಅದನ್ನು ಸೌಟಿನಿಂದ ಎತ್ತಿ, ದೇವರ ಹೂವು ಎತ್ತಿದ ಹಾಗೆ ಒಯ್ದು ಗೋಡೆಗೆ ಬಿಟ್ಟಳು. ಸಾರು ಚೆಲ್ಲಲಿಲ್ಲ, ಬಡಿಸಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬೂಬುವಿನ ಕಾಲು ಹಿಡಿಯುತ್ತಿದ್ದೆ.

ನನ್ನ ತಮ್ಮ ಹೊನವಾಡದಿಂದ ಬಂದ. ಅವ್ವನಿಗೆ ಜ್ವರ ಹತ್ತಿ ಬಿಡುತ್ತಿಲ್ಲ, ಅಕ್ಕನನ್ನು ಒಮ್ಮೆ ತೋರಿಸು ಅನ್ನುತ್ತಾಳೆ ಅಂದ. ಟಿಕೋಟಾದಿಂದ ಹೊನವಾಡ ಎಷ್ಟು ದೂರ? ಬಸ್ಸಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರೆ ಉಗುಳುವುದರೊಳಗೆ ಊರು ಬರುತ್ತದೆ. ನಾನು ಸೀರೆ ಬದಲಿಸಿ ಬಂದೆ. ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು.

"ನಾ ಬ್ಯಾಡ ಅನ್ನೂದಿಲ್ಲೋ ಯಪ್ಪಾ," ಅಂತ ತಮ್ಮನಿಗೆ ಹೇಳಿದಳು. "ಬೂಬು ಹೇಳ್ಯಾಳ. ನಾಲ್ಕು ಮಂದಿ ಕೇಳ್ಯಾರ. ಹಡಿಯೂ ತನಕ ಹೊಸ್ತಿಲ ದಾಟಸಬಾರ್ದಂತ."

ನನ್ನ ಗಂಡ ಎಮ್ಮೆಗೆ ಮೇವು ಹಾಕುತ್ತಿದ್ದ. ಮನೆಯಲ್ಲಿ ಮಾತು ಬೆಳೆದಾಗೆಲ್ಲ ಆತ ಎಮ್ಮೆಗೆ ಮೇವು ಹಾಕುತ್ತಿದ್ದ. ತಮ್ಮ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಕನಸೆಲ್ಲ ಸುಳ್ಳು ಅಂದರೆ ಬೂಬು ಹೇಳಿದ್ದೂ ಸುಳ್ಳಾಗುತ್ತದೆ, ಆಗ ಬಬಲೇಶ್ವರದ ಹುಡುಗಿಗೆ ಬಾಗಿಲು ತೆರೆದ ಹಾಗೆ. ಖರೆ ಅಂದರೆ ಅವ್ವನ ಮುಖ ಇಲ್ಲ. ಹೊಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ತಮ್ಮ ಹೋದ. ಮುಂದಿನ ಸಲ ಬಂದಾಗ ಆತ ಕಟ್ಟೆ ಏರಲಿಲ್ಲ, ಚಪ್ಪಲಿ ಬಿಡಲಿಲ್ಲ. ನೋಡಿದ ಕೂಡಲೇ ತಿಳಿಯಿತು. ಬಸುರಿ ಸತ್ತವರ ಮಣ್ಣಿಗೆ ಹೋಗಬಾರದು ಅಂತ ಅದಕ್ಕೂ ಬಿಡಲಿಲ್ಲ...

ಮಗಳು ಹುಟ್ಟಿದಳು. ಬದುಕಿದಳು. ಬಬಲೇಶ್ವರದ ಹುಡುಗಿಗೆ ಬೇರೆ ಕಡೆ ಲಗ್ನವಾಯಿತು. ಬಾಣಂತನ ಮುಗಿದ ಮೇಲೆ ಬೂಬು ಬಂದಳು, ಕೂಸಿಗೆ ಕರಿ ಬಳೆ ತಂದಿದ್ದಳು. ಕಟ್ಟೆಯ ಮೇಲೆ ಮತ್ತೆ ಯಾರೂ ಇರಲಿಲ್ಲ.

"ನಿನ್ನ ಜ್ಯಾಡ ನಮ್ಮವ್ವನ್ನ ತಿಂತು," ಅಂದೆ.

ಆಕೆ ಕೂಸಿನ ಕೈ ಹಿಡಿದಳು. ಬಳೆ ಏರಿಸಿದಳು.

"ಇರ್ತಾಳ ಅಂದಿ, ಇದ್ನಿ. ಒಂದ ದಿನ ಹೋಗಿ ಬರ್ಲಿ ಅಂತ ಒಂದ ಮಾತ ಸೇರಿಸಿದ್ರ ನಿನ್ನ ಗಂಟ ಹೋಗ್ತಿತ್ತೇನ? ಖರೇ ಹೇಳ ಈಗ. ಜ್ಯಾಡ ಕನಸಿನ್ಯಾಗ ಬಂದ್ರ ಏನ ಅರ್ಥ?"

"ನಿನ್ನ ಕೈ ಕೊಡ ಬೇ," ಅಂದಳು. ಕೊಟ್ಟೆ. ಒತ್ತಿ ನೋಡಿದಳು. "ಸಡ್ಲ ಬಿಡು."

ಅಷ್ಟೇ. ಆಮೇಲೆ ಎಷ್ಟೋ ವರ್ಷ ಬಂದಳು. ಪ್ರತಿ ಸಲ ಕೇಳಿದೆ, ಪ್ರತಿ ಸಲ ಅದೇ ಉತ್ತರ. ಬೇರೆಯವರಿಗೆ ಹಾವು, ನೀರು, ಹಲ್ಲು, ಎಲ್ಲದಕ್ಕೂ ಅರ್ಥ ಹೇಳುವವಳು ನನ್ನ ಜೇಡಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಬೇರೆ ಬಳೆಗಾರ್ತಿಯ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ, ಯಾಕೋ. ಮುಂದೆ ಆಕೆ ಬರುವುದು ಕಡಿಮೆಯಾಯಿತು, ನಿಂತಿತು. ನಾನೂ ಮಗಳ ಜೊತೆ ವಿಜಯಪುರಕ್ಕೆ, ಸೊಲ್ಲಾಪುರ ರಸ್ತೆಯ ಕಡೆ ಮನೆಗೆ ಬಂದುಬಿಟ್ಟೆ. ಒಂದೇ ಊರು, ಆದರೂ ಹುಡುಕಿಕೊಂಡು ಹೋಗಲಿಲ್ಲ.

ಮೊನ್ನೆ ಆ ಅಂಗಡಿಯಲ್ಲಿ ಎರಡನೇ ಕೈಗೆ ಚೀಲ ಹಾಕುವಾಗ ಮೊಮ್ಮಗಳು ನನಗೆ ಅಂದಳು, "ಅಮ್ಮಾ, ನಿನ್ನೆ ಕನಸಿನ್ಯಾಗ ನಂಗ ಜ್ಯಾಡ ಬಂದಿತ್ತ ಬೇ. ಕೈತುಂಬ ಓಡ್ಯಾಡಾಕತ್ತಿತ್ತು."

ಆಕೆಯ ಅತ್ತೆ ಪಕ್ಕದಲ್ಲೇ ಇದ್ದಳು. ಓದಿದ ಹೆಂಗಸು. ತಕ್ಷಣ ಮೊಬೈಲ್ ತೆಗೆದಳು. "ತಡಿ, ಇದರಾಗ ಏನ ಅರ್ಥ ಕೊಟ್ಟಾರ ನೋಡ್ತೇನಿ. ನಂಗಂತೂ ಛಲೋ ಅನಿಸವಲ್ದು. ಮೊದ್ಲ ಆ ಟಿಕೋಟಾ ಬಸ್ಸು ಬಿಡಿಸಬೇಕು."

ಮೊಮ್ಮಗಳು ಟಿಕೋಟಾದ ಒಂದು ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಆ ಕೆಲಸವೆಂದರೆ ಆಕೆಗೆ ಜೀವ. ಡಾಕ್ಟರು ಬೇಡ ಅಂದಿಲ್ಲ, ಅತ್ತೆ ಮಾತ್ರ ಬಹಳ ದಿನದಿಂದ ಬೇಡ ಅನ್ನುತ್ತಿದ್ದಾಳೆ. ಒಮ್ಮೆ ಬಿಡಿಸಿದರೆ ಮತ್ತೆ ಸೇರಿಸುವುದಿಲ್ಲ. ಹುಡುಗಿ ತಲೆ ಬಗ್ಗಿಸಿ ಬಳೆ ಎಣಿಸಿದ ಹಾಗೆ ಮಾಡಿದಳು. ಮೊಬೈಲಿನಲ್ಲಿ ಒಂದು ಗಾಲಿ ತಿರುಗುತ್ತಿತ್ತು, ಇನ್ನೂ ಏನೂ ಬಂದಿರಲಿಲ್ಲ.

"ಜ್ಯಾಡ ಬಂದಿತ್ತಾ? ನಸೀಬ ನೋಡ್ರಿ ಈಕೀದು!" ಅಂತ ಕೂಗಿದೆ. ಅಂಗಡಿಯ ಹುಡುಗಿ ಬೆಚ್ಚಿ ಬಳೆ ಬಿಟ್ಟಳು.

"ಏನ್ರೀ ಅಮ್ಮಾರ, ಹೆದರಿಸಿಬಿಟ್ರಿ," ಅಂದಳು ಅತ್ತೆ.

"ಜ್ಯಾಡ ಎಲ್ಲಿ ಹೋದ್ರೂ ಎಳಿ ಬಿಟ್ಕೋತ ಹೋಗ್ತದ್ರಿ, ಅದ ಎಳಿ ಹಿಡದು ತಿರುಗಿ ಬರ್ತದ. ಜ್ಯಾಡ ಕಂಡ ಬಸುರೀನ್ನ ತಡೀಬಾರ್ದು. ಸಾಲಿಗಿರಲಿ, ತವರಿಗಿರಲಿ, ಡಾಕ್ಟರು ಹೂಂ ಅಂದಷ್ಟು ದಿನ ಹೋಗಿ ಬರ್ಲಿ. ತಡದ್ರ ಮನೀಗೇ ಛಲೋ ಅಲ್ಲ ಮತ್ತ."

"ಹಂಗಂತ ಯಾರ ಹೇಳ್ಯಾರ್ರಿ?"

"ಬಳಿಗಾರ ಬೂಬು ಹೇಳ್ಯಾಳ."

ಆಮೇಲೆ ಮೊಬೈಲ್ ಬಾಯಿ ಬಿಟ್ಟಿತು. ಮೋಸದ ಬಲೆ, ಹಿತಶತ್ರು, ಕೈಗೂಡುವ ಕೆಲಸ, ತಾಯಿಯ ಹಿಡಿತ, ಹತ್ತು ನಮೂನೆ. ಅಂಗಡಿಯಲ್ಲಿ ಹರವಿಟ್ಟ ಹಾಗೆ, ಬೇಕಾದ್ದು ಆರಿಸಿಕೋ. ಆಕೆ ಓದಿದಳು, ನನ್ನ ಕಡೆ ನೋಡಿದಳು, ಮೊಬೈಲನ್ನು ಪರ್ಸಿಗೆ ಹಾಕಿದಳು. "ಇರ್ಲಿ ಬಿಡ್ರಿ. ಡಾಕ್ಟರು ಹೂಂ ಅನ್ನೂ ತನಕ ಹೋಗ್ಲಿ," ಅಂದಳು. ಓದಿದವಳಾದರೇನು, ಮನೆಗೇ ಛಲೋ ಅಲ್ಲ ಅಂದರೆ ಯಾವ ಅತ್ತೆಯೂ ಮುಂದೆ ಹೋಗುವುದಿಲ್ಲ.

ಅವರನ್ನು ಆಟೋ ಹತ್ತಿಸಿ ನಾನು ಹಿಂದೆ ಉಳಿದೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಬೂಬುವಿನ ಮನೆ ಅಂತ ಆಗೆಲ್ಲ ಹೇಳುತ್ತಿದ್ದಳು. ಇಬ್ಬರನ್ನು ಕೇಳಿದೆ, ಸಿಕ್ಕಿತು. ಸೊಸೆ ಬಾಗಿಲಿಗೆ ಬಂದಳು, ಆಕೆಯದೂ ತಲೆ ನೆರೆತಿತ್ತು.

"ನಮ್ಮತ್ತಿ ಹೋಗಿ ಭಾಳ ವರ್ಷ ಆತಲ್ರಿ. ಕೂಡ್ರಿ, ಒಳಗ ಬರ್ರಿ," ಅಂದಳು.

ಕೂತೆ. ಬೇರೆ ಮಾತು ನನಗೆ ಬರುವುದಿಲ್ಲ. "ಕನಸಿನ್ಯಾಗ ಜ್ಯಾಡ ಬಂದ್ರ ಏನ ಅರ್ಥ ಅಂತ ನಿಮ್ಮತ್ತಿ ನಿಮ್ಗ ಹೇಳಿದ್ರೇನು?"

ಸೊಸೆ ನಕ್ಕಳು. "ಕನಸಾ? ನಮ್ಮನ್ಯಾಗ ಕನಸಿನ ಸುದ್ದೀನ ತಗೀಗೊಡ್ತಿದ್ದಿಲ್ರಿ ಅವ್ರು. ಯಾರರೆ ಹೇಳಾಕ ಹೋದ್ರ, ನೀರ ಕುಡದು ಕೆಲಸಾ ನೋಡ ಹೋಗ ಅಂತಿದ್ರು."

ನನಗೆ ಸುಮ್ಮನೆ ಮೈ ಉರಿಯಿತು. ನನಗೂ ಹಾಗೇ ಅಂದಿದ್ದರೆ? ಅವ್ವನ ಮುಖ ನೋಡುತ್ತಿದ್ದೆ. ಮನೆ ಹೋಗುತ್ತಿತ್ತು. ಆ ಅರ್ಥವನ್ನು ಕಟ್ಟೆಯ ಮೇಲೆ ನಿಂತ ಕಾಲಲ್ಲಿ ಹೆಣೆದಳೋ, ಬಬಲೇಶ್ವರದಿಂದಲೇ ಹೆಣೆದುಕೊಂಡು ಬಂದಳೋ, ನನ್ನ ಸಲುವಾಗಿಯೋ, ಹಸಿರು ಬಳೆಯ ಗಿರಾಕಿ ಕೈತಪ್ಪಬಾರದು ಅಂತಲೋ... ಕೇಳುವುದು ಇಷ್ಟು ಉಳಿದಿತ್ತು. ಜಗಳವಾಡೋಣ ಅಂದರೆ ಎದುರಿಗೆ ಆಕೆಯೇ ಇಲ್ಲ. ಅಂಗಡಿಯಲ್ಲಿ ನಾನು ಹೇಳಿದ ಅರ್ಥ ಸರಿಯಾಯಿತೇ, ಆಕೆಯ ಹಾಗೆ ನಾನೂ ಒಂದು ಮಾತು ಸೇರಿಸದೆ ಬಿಟ್ಟೆನೇ ಅಂತ ಕೇಳಲೂ ಯಾರಿಲ್ಲ.

ಸೊಸೆ ಒಂದು ಲೋಟ ನೀರು ತಂದುಕೊಟ್ಟಳು. ಕುಡಿದೆ. ಎದ್ದು ಬಂದೆ, ಕುಬಸಕ್ಕೆ ಹೋಳಿಗೆಯ ಬೇಳೆ ಆರಿಸುವುದಿತ್ತು.