ಮಲಗಿಸು ಅಂದವಳು ನಾನು

ಹೆಣ ಮೊದಲು ಬಿಗಿಯುವುದು ದವಡೆಯಲ್ಲಿ. ಆಮೇಲೆ ಕುತ್ತಿಗೆ, ಹೆಗಲು, ಕೈ. ಕಾಲು ಕೊನೆಗೆ. ಅದಕ್ಕೇ ಯಾವ ಮನೆಗೆ ಹೋದರೂ ನಾನು ಮೊದಲು ಗಲ್ಲ ಕಟ್ಟುತ್ತೇನೆ. ಬಿಳಿ ಬಟ್ಟೆಯ ಪಟ್ಟಿಯನ್ನು ಗಲ್ಲದ ಕೆಳಗಿಂದ ತಂದು ನೆತ್ತಿಯ ಮೇಲೆ ಒಂದು ಗಂಟು. ತಡವಾದರೆ ಬಾಯಿ ತೆರೆದೇ ಉಳಿಯುತ್ತದೆ. ಆಮೇಲೆ ಯಾರು ಎಷ್ಟು ಅತ್ತರೂ ಅದು ಮುಚ್ಚುವುದಿಲ್ಲ.

ನಾನು ಚಾಮರಾಜಪೇಟೆಯ ಕಾರ್ಪೊರೇಷನ್ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದೇನೆ. ಈ ಕೆಲಸ ಕಲಿತದ್ದು ನನ್ನ ಅತ್ತೆಯಿಂದ. ಹೆಂಗಸು ಸತ್ತರೆ ಮೈ ತೊಳೆಯುವುದು, ಸೀರೆ ಉಡಿಸುವುದು, ತಲೆ ಬಾಚುವುದು, ಬಂದವರು ನೋಡುವ ಹಾಗೆ ಮಾಡುವುದು. ಗಂಡಸರ ಹೆಣ ಮುಟ್ಟುವುದಿಲ್ಲ, ಅದಕ್ಕೆ ಗಂಡಸರಿದ್ದಾರೆ. ಹಿಂದೆ ಇದನ್ನೆಲ್ಲ ಮನೆಯ ಹೆಂಗಸರೇ ಮಾಡುತ್ತಿದ್ದರು. ಈಗ ಒಂದು ಮನೆಯಲ್ಲಿ ನಾಲ್ಕು ಹೆಂಗಸರು ಇರುವುದಿಲ್ಲ, ಇದ್ದರೂ ಮುಟ್ಟಲು ಹೆದರುತ್ತಾರೆ. ನನಗೆ ಫೋನ್ ಮಾಡುತ್ತಾರೆ. ಮಲ್ಲೇಶ್ವರದಿಂದ ಬಸವನಗುಡಿಯವರೆಗೆ ಹೋಗಿದ್ದೇನೆ. ನಮ್ಮ ಬೀದಿಯ ಹೂವಿನವಳು ಮಾತ್ರ ನನಗೆ ಹೂವನ್ನು ಕೈಗೆ ಕೊಡುವುದಿಲ್ಲ, ಕಲ್ಲಿನ ಮೇಲೆ ಇಡುತ್ತಾಳೆ. ಕಾಸು ಇಸಿದುಕೊಳ್ಳುವುದು ಕೈಯಲ್ಲೇ.

ನನ್ನ ಲೆಕ್ಕದಲ್ಲಿ ಮನೆಗಳು ಎರಡು ಥರ. ಮಲಗಿಸುವ ಮನೆ, ಕೂರಿಸುವ ಮನೆ. ಮಲಗಿಸುವವರು ಸುಡುತ್ತಾರೆ. ಕೂರಿಸುವವರು ಲಿಂಗ ಕಟ್ಟುವವರು, ಬಹಳ ಜನ ಪೇಟೆಯಲ್ಲಿ ತಲೆತಲಾಂತರದಿಂದ ಅಂಗಡಿ ಇಟ್ಟವರು. ಅವರು ಸುಡುವುದಿಲ್ಲ. ಸತ್ತವರ ಕಾಲು ಮಡಿಸಿ, ಪೂಜೆಗೆ ಕೂತ ಹಾಗೆ ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅದಕ್ಕೆ ಉಸಿರು ನಿಂತ ಒಂದೆರಡು ಗಂಟೆಯೊಳಗೆ ಕಾಲು ಮಡಿಸಬೇಕು. ಗೋಡೆಗೆ ಒರಗಿಸಿ, ಎದೆಗೂ ಹಣೆಗೂ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿಬಿಟ್ಟರೆ ಸಾಕು. ಮೈ ಹಾಗೆಯೇ ಬಿಗಿದು ತಾನೇ ಕೂತಿರುತ್ತದೆ. ಮಲಗಿದ ಹಾಗೆ ಬಿಗಿಯಲು ಬಿಟ್ಟರೆ ಮುಗಿಯಿತು, ಮರದ ಹಲಗೆ.

ಈಗ ಐಸ್ ಬಾಕ್ಸ್ ಬಂದಿದೆ. ಉದ್ದದ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ, ಒಂದು ವೈರು. ಯಾರಾದರೂ ಹೋದರು ಅಂದರೆ ಅಕ್ಕಪಕ್ಕದವರು ಡಾಕ್ಟರಿಗಿಂತ ಮೊದಲು ಅದಕ್ಕೆ ಫೋನ್ ಮಾಡುತ್ತಾರೆ. ಅದು ಮಲಗುವವರ ಅಳತೆಗೆ ಮಾಡಿದ್ದು. ಕೂರುವವರಿಗೆ ಅದರಲ್ಲಿ ಜಾಗವಿಲ್ಲ.

ಆವತ್ತು ಸಂಜೆ ಆರು ಗಂಟೆ ಇರಬಹುದು, ನಾನು ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಬೆಳಿಗ್ಗೆ ಮಲ್ಲೇಶ್ವರದಲ್ಲಿ ಮೂರು ಮಹಡಿ ಹತ್ತಿ ಇಳಿದು ನನ್ನ ಮಂಡಿ ಊದಿತ್ತು. ಫೋನ್ ಬಂತು. ಒಂದು ಹುಡುಗಿಯ ದನಿ.

"ಅಜ್ಜಿ, ಶಂಕರಪುರದಿಂದ ಮಾತಾಡ್ತಿದೀನಿ. ನಮ್ಮತ್ತೆ ಹೋಗ್ಬಿಟ್ರು, ಈಗ ಅರ್ಧ ಗಂಟೆ ಆಯ್ತು. ಬಾಕ್ಸ್ ಬಂದಿದೆ. ಮಲಗಿಸ್ಬಿಡ್ಲಾ?"

"ಮಲಗಿಸಮ್ಮ," ಅಂದೆ. "ಗಲ್ಲ ಕಟ್ಟಿ ಮಲಗಿಸು. ಬೆಳಿಗ್ಗೆ ಬರ್ತೀನಿ."

ಮನೆ ಎಲ್ಲಿ ಎಂದು ಕೇಳಿದೆ. ಯಾರ ಮನೆ ಎಂದು ಕೇಳಲಿಲ್ಲ. ಅವಳು ಹೇಳಿದ ರಸ್ತೆಯಲ್ಲಿ ನಾನು ಹೋಗಿದ್ದ ಮನೆಗಳೆಲ್ಲ ಸುಡುವವರದ್ದೇ. ಇದೂ ಹಾಗೇ ಅಂದುಕೊಂಡೆ. ಚಪಾತಿ ಮಾಡಿ ತಿಂದು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ. ನಮ್ಮ ಮನೆಯೂ ಕೂರಿಸುವವರದ್ದೇ. ನಾನೇ ಕೇಳದಿದ್ದರೆ ಇನ್ಯಾರು ಕೇಳಬೇಕು?

ಬೆಳಿಗ್ಗೆ ಏಳಕ್ಕೆ ಹೋದೆ. ಹೊರಗೆ ಕುರ್ಚಿ ಹಾಕಿಕೊಂಡು ಗಂಡಸರು ಕೂತಿದ್ದರು. ಎಲ್ಲರ ಹಣೆಯಲ್ಲೂ ವಿಭೂತಿ. ಗೇಟಿನ ಪಕ್ಕ ಬಿಲ್ವಪತ್ರೆಯ ಬುಟ್ಟಿ. ನನಗೆ ಅಲ್ಲೇ ಗೊತ್ತಾಯಿತು. ಚಪ್ಪಲಿ ಬಿಟ್ಟೆ.

ಒಳಗೆ ನಡುಮನೆಯಲ್ಲಿ ಬಾಕ್ಸ್ ಇತ್ತು. ಸತ್ತ ಹೆಂಗಸಿಗೆ ಎಂಬತ್ತರ ಹತ್ತಿರ. ಲಕ್ವ ಹೊಡೆದು ಎರಡು ವರ್ಷ ಹಾಸಿಗೆಯಲ್ಲಿದ್ದರಂತೆ. ಮಗನಿಗೆ ಕಾಟನ್‌ಪೇಟೆಯಲ್ಲಿ ಸಗಟು ಬಟ್ಟೆಯ ಅಂಗಡಿ. ಸುದ್ದಿ ಕೇಳಿ ಅವನು ಓಡಿ ಬರುವಷ್ಟರಲ್ಲಿ ತಾಯಿ ಗಾಜಿನ ಕೆಳಗಿದ್ದರು. ಅವನು ಬಾಕ್ಸಿನ ಪಕ್ಕ ಕೂತವನು ಬೆಳಗಿನವರೆಗೆ ಎದ್ದಿರಲಿಲ್ಲ, ಅವನಿಗೆ ಕಾಲಿನ ಯೋಚನೆ ಬರಲಿಲ್ಲ. ಹಿರಿಯರು ಬಂದಿದ್ದೇ ಬೆಳಿಗ್ಗೆ. ಮಗಳು ದಾವಣಗೆರೆಯಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಆರಕ್ಕೆ ಬಂದು ಇಳಿದಿದ್ದಳು. ಬಂದು ತಾಯಿಯ ಕಾಲು ನೋಡಿದವಳೇ ತಮ್ಮನ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು. ಆ ತಮ್ಮನ ಹೆಂಡತಿಯೇ ನನಗೆ ಫೋನ್ ಮಾಡಿದ ಹುಡುಗಿ. ಬೇರೆ ಜಾತಿಯವಳು, ಅವನೇ ಮೆಚ್ಚಿ ಮದುವೆಯಾದವಳು. ಅವಳ ತವರಿನಲ್ಲಿ ಸುಡುತ್ತಾರೆ.

"ನಮ್ಮ ಪದ್ಧತಿ ಗೊತ್ತಿಲ್ಲ, ಕಲ್ತ್ಕೋತಾಳೆ ಬಿಡು ಅಂತ ಆರು ವರ್ಷದಿಂದ ಸುಮ್ನಿದ್ವಿ," ಅನ್ನುತ್ತಿದ್ದಳು ಮಗಳು. "ಎರಡು ವರ್ಷ ಮಲಗೇ ಇದೀನಿ, ಹೋಗುವಾಗಾದ್ರೂ ಕೂತ್ಕೊಂಡು ಹೋಗ್ತೀನಿ ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ? ಅದೊಂದನ್ನೂ ಇಲ್ದಂಗೆ ಮಾಡ್ಬಿಟ್ಯಲ್ಲ."

ಹುಡುಗಿ ಫ್ರಿಜ್ಜಿಗೆ ಒರಗಿ ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿದಳು. ಅಜ್ಜಿಯೇ ಹೇಳಿದ್ದು ಎಂದು ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ನನ್ನನ್ನು ಹೊರಗೆ ಕಳಿಸುತ್ತಾರೆ, ಆಮೇಲೆ ಈ ಕಾಲು ಮಡಿಸುವವರು ಯಾರೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಈ ವಯಸ್ಸಿನಲ್ಲಿ ಗಂಡಸರ ಮುಂದೆ ನಿಂತು ಬೈಸಿಕೊಳ್ಳಲು ಮನಸ್ಸಿರಲಿಲ್ಲ, ಅದು ಉಳಿದರ್ಧ.

ಸತ್ತವರ ಮೈದುನ, ಮನೆಗೆ ಈಗ ಹಿರಿಯ, ಒಳಗೆ ಬಂದು ನೋಡಿದರು. ಹನ್ನೆರಡಕ್ಕೆ ಎತ್ತಬೇಕು, ಆಗದಿದ್ದರೆ ಮಲಗಿಸಿಯೇ ಒಯ್ಯೋಣ, ಪೂಜೆಗೆ ಬರುವ ಅಯ್ಯನವರನ್ನು ಒಂದು ಮಾತು ಕೇಳಿದರಾಯಿತು ಅಂದರು. ಮಗಳು ಅದಕ್ಕೆ ಒಪ್ಪಲಿಲ್ಲ. ಹಾಗೆ ಮಲಗಿಸಿ ಒಯ್ದರೆ ಈ ಮನೆಯಲ್ಲಿ ಆ ಹುಡುಗಿಯ ಬದುಕು ಏನಾಗುತ್ತದೆ ಎಂದು ನನಗೆ ಕಾಣುತ್ತಿತ್ತು. ಪ್ರತಿ ಹಬ್ಬದಲ್ಲಿ, ಪ್ರತಿ ವರ್ಷದ ತಿಥಿಯಲ್ಲಿ ಅದೇ ಮಾತು ಏಳುತ್ತದೆ. ಅತ್ತೆಯನ್ನು ಕೂರಿಸದೆ ಕಳಿಸಿದವಳು.

"ಪ್ಲಗ್ ತೆಗೀರಿ," ಅಂದೆ. "ಅವ್ರನ್ನ ಎತ್ತಿ ಚಾಪೆ ಮೇಲೆ ಮಲಗಿಸಿ, ಆಮೇಲೆ ಗಂಡಸರೆಲ್ಲ ಹೊರಗೆ ಹೋಗಿ. ಎರಡು ಬಕೆಟ್ ಬಿಸಿ ನೀರು, ಟವೆಲ್ಲು ಇದ್ದಷ್ಟು, ಹರಳೆಣ್ಣೆ. ಒಬ್ಬಳ ಕೈಲಿ ಆಗಲ್ಲ, ಯಾರಾದ್ರೂ ಒಬ್ರು ಕೂತ್ಕೊಳ್ಳಿ."

ಮಗಳು ಬಂದಳು. ತಾಯಿಯ ತೊಡೆ ಮುಟ್ಟಿದಳು, ಆ ಥಂಡಿಗೆ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ತಪ್ಪಲ್ಲ. ರಾತ್ರಿಯೆಲ್ಲ ಬಾಕ್ಸಿನಲ್ಲಿದ್ದ ಮೈಯ ಥಂಡಿ ಬೇರೆ ಥರ ಇರುತ್ತದೆ, ಮುಟ್ಟಿದವರ ಮೊಣಕೈವರೆಗೆ ಏರುತ್ತದೆ. ಸೊಸೆ ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ನನ್ನ ಎದುರು ಕೂತಳು.

ಬಿಗಿದ ಕೀಲನ್ನು ಎಳೆಯಬಾರದು. ನಾನು ಹೊಸದರಲ್ಲಿ ಒಮ್ಮೆ ಎಳೆದಿದ್ದೆ, ಒಳಗೆ ಲಟಕ್ಕೆಂದಿತು, ಅತ್ತೆ ಅಲ್ಲೇ ನನ್ನ ತಲೆಗೆ ಮೊಟಕಿದರು. ಮುದುಕರ ಮೂಳೆ ಸುಣ್ಣದ ಕಡ್ಡಿ. ಬಿಸಿ ಟವೆಲ್ಲು ಸುತ್ತಬೇಕು, ತಣ್ಣಗಾದ ತಕ್ಷಣ ಬದಲಾಯಿಸಬೇಕು, ಎಣ್ಣೆ ಹಾಕಿ ಹೆಬ್ಬೆರಳಿನಲ್ಲಿ ತಿಕ್ಕಬೇಕು. ಆಮೇಲೆ ನಮ್ಮ ಮೈಭಾರವನ್ನು ಸ್ವಲ್ಪ ಸ್ವಲ್ಪ ಬಿಟ್ಟು ಕಾಯಬೇಕು. ಮೊದಲು ಸೊಂಟ, ಆಮೇಲೆ ಮಂಡಿ. ಸೊಂಟ ಬಿಡದೆ ಮಂಡಿ ಮಡಿಸಿ ಏನೂ ಉಪಯೋಗವಿಲ್ಲ. ಒಂದು ವಿಷಯ ಮಾತ್ರ ನಮ್ಮ ಕಡೆಗಿದೆ. ಒಮ್ಮೆ ಬಿಟ್ಟ ಕೀಲು ಮತ್ತೆ ಬಿಗಿಯುವುದಿಲ್ಲ.

ಮುಕ್ಕಾಲು ಗಂಟೆ ತಿಕ್ಕಿದ ಮೇಲೆ ಎಡ ಸೊಂಟ ಬಿಟ್ಟಿತು. ಇನ್ನೊಂದಿಷ್ಟು ಹೊತ್ತಿಗೆ ಎಡ ಮಂಡಿಯೂ ಮಡಿಯಿತು. ಹುಡುಗಿ ಚೆನ್ನಾಗಿ ತಿಕ್ಕುತ್ತಿದ್ದಳು, ಹೇಳಿಕೊಡಬೇಕಾಗಿರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದೆ. ಫಿಸಿಯೋಥೆರಪಿಯವರು ತೋರಿಸಿಕೊಟ್ಟಿದ್ದರಂತೆ, ದಿನಾ ಎರಡು ಹೊತ್ತು ಅತ್ತೆಯ ಕಾಲು ಮಡಿಸಿ ಬಿಡಿಸಿ ಮಾಡುತ್ತಿದ್ದಳಂತೆ.

ಬಲಗಾಲು ಹಟ ಹಿಡಿಯಿತು. ಲಕ್ವ ಹೊಡೆದ ಕಡೆ. ಹತ್ತು ಗಂಟೆ ದಾಟಿತು. ಬಾಗಿಲಲ್ಲಿ ನಿಂತ ಮಗಳು ಗಡಿಯಾರ ನೋಡಿ ಮತ್ತೆ ಶುರು ಮಾಡಿದಳು. ನೋಡು ನೀನು ಮಾಡಿದ ಕೆಲಸ, ನೋಡು ಎಂದು. ಹುಡುಗಿ ತಲೆ ತಗ್ಗಿಸಿ ತಿಕ್ಕುತ್ತಲೇ ಇದ್ದಳು. ಕಣ್ಣೀರು ಎಣ್ಣೆಯ ಮೇಲೆ ಬೀಳುತ್ತಿತ್ತು.

ನಾನು ಕೈ ನಿಲ್ಲಿಸದೆ ಹೇಳಿದೆ.

"ಅವಳ್ನ ಬೈಬೇಡಮ್ಮ. ಮಲಗಿಸು ಅಂದೋಳು ನಾನು. ಫೋನಲ್ಲಿ ನನ್ನ ಕೇಳಿದ್ಲು, ಮಲಗಿಸು ಅಂದೆ. ಯಾರ ಮನೆ ಅಂತ ಕೇಳ್ಲಿಲ್ಲ."

ಮಗಳು ನನ್ನ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ಇಷ್ಟೆಲ್ಲ ಕೇಳಿಸ್ಕೊಂಡು ಸುಮ್ನಿದ್ರಾ?"

"ಇದ್ದೆ."

"ಇವಳೂ ಹೇಳ್ಲಿಲ್ಲ."

"ಅದನ್ನ ಅವಳ್ನೇ ಕೇಳು. ಮೊದ್ಲು ಇಲ್ಲಿ ಬಂದು ಭುಜ ಹಿಡ್ಕೋ, ಬೆನ್ನು ತೊಳೀಬೇಕು."

ಬಂದಳು. ಈ ಸಲ ಕೈ ತೆಗೆಯಲಿಲ್ಲ. ತಾಯಿಯನ್ನು ಪಕ್ಕಕ್ಕೆ ಹೊರಳಿಸಿದೆವು. ನಾನು ಬಹಳ ಬೆನ್ನು ನೋಡಿದ್ದೇನೆ. ಎರಡು ತಿಂಗಳು ಮಲಗಿದವರಿಗೇ ಸೊಂಟದ ಕೆಳಗೆ ಮುಷ್ಟಿ ಹೋಗುವಷ್ಟು ಹುಣ್ಣಾಗಿರುತ್ತದೆ, ದೊಡ್ಡ ದೊಡ್ಡ ಮನೆಗಳಲ್ಲೂ. ಮಂಚದ ಪಕ್ಕ ಬೆಳ್ಳಿ ಲೋಟ ಇರುತ್ತದೆ, ಬೆನ್ನಿನಲ್ಲಿ ಹುಳ ಇರುತ್ತದೆ. ಈ ಬೆನ್ನು ಎಳೆ ಮಗುವಿನ ಬೆನ್ನಿನ ಹಾಗಿತ್ತು.

"ಎರಡು ವರ್ಷ ಮಲಗಿದ ಬೆನ್ನು ಇದು," ಅಂದೆ. "ಒಂದು ಹುಣ್ಣು ತೋರ್ಸು ನೋಡೋಣ."

ಮಗಳು ನೋಡಿದಳು. ಕೈಯಾಡಿಸಿ ನೋಡಿದಳು. ನೀರು ಆರಿದೆ ಎಂದು ತಾನೇ ಎದ್ದು ಹೋಗಿ ಇನ್ನೊಂದು ಬಕೆಟ್ ತಂದಳು.

ಆಮೇಲೆ ಮೂವರೂ ಕೂತು ಬಲಗಾಲು ಹಿಡಿದೆವು. ಸೊಂಟ ಬಿಟ್ಟಿತು. ಮಂಡಿ ಮುಕ್ಕಾಲು ಬಂದು ನಿಂತಿತು. ನಾನು ಮೈಭಾರ ಬಿಡಲು ಹೋದೆ. ಹುಡುಗಿ ನನ್ನ ಕೈ ಮೇಲೆ ಕೈ ಇಟ್ಟಳು.

"ಬೇಡ ಅಜ್ಜಿ. ಬದುಕಿದ್ದಾಗ್ಲೂ ಈ ಕಾಲು ಇಷ್ಟೇ ಬರ್ತಿತ್ತು. ಇನ್ನೂ ಒತ್ತಿದ್ರೆ ನೋವಾಗುತ್ತೆ."

ಹೆಣಕ್ಕೆ ನೋವೇನು ಎಂದು ನಾನು ಹೇಳಲಿಲ್ಲ. ಮಗಳೂ ಹೇಳಲಿಲ್ಲ. ಕೈ ತೆಗೆದೆ. ಹಳೆಯ ಸೀರೆಯೊಂದನ್ನು ಮಡಿಸಿ ಆ ಮಂಡಿಯ ಕೆಳಗೆ ಇಟ್ಟೆವು. ಎತ್ತಿ ಗೋಡೆಗೆ ಒರಗಿಸಿದೆವು. ಹಣೆಗೆ ಬಟ್ಟೆ ಸುತ್ತಿ ಕಿಟಕಿಗೆ ಕಟ್ಟಿದೆ. ಹಸಿರು ಸೀರೆ ಉಡಿಸಿದೆವು, ನೆರಿಗೆ ಅಗಲ ಮಾಡಿ ಬಲ ಮಂಡಿಯ ಮೇಲೆ ಹರಡಿದೆ. ಮಗಳು ವಿಭೂತಿ ಹಚ್ಚಿದಳು. ಎಡಗೈಯ ಬೆರಳು ಒಂದೊಂದೇ ಬಿಡಿಸಿ ಲಿಂಗ ಇಡಬೇಕಿತ್ತು. ಮಗಳು ತಮ್ಮನ ಹೆಂಡತಿಗೆ, ಬೆರಳು ನೀನು ಬಿಡಿಸು, ನನಗೆ ಆಗುವುದಿಲ್ಲ ಅಂದಳು. ಅವಳು ಬಿಡಿಸಿದಳು.

ಹನ್ನೊಂದೂವರೆಗೆ ಅಯ್ಯನವರು ಒಳಗೆ ಬಂದರು. ನೋಡಿದರು. ಬಲ ಮಂಡಿ ಒಂದು ಗೇಣು ಎದ್ದಿರುವುದು ಅವರಿಗೆ ಕಾಣದೆ ಇರಲಿಲ್ಲ. "ಕೂತಿದ್ದಾರೆ. ಪೂಜೆ ಮಾಡೋಣ," ಅಂದರು, ಅಷ್ಟೇ.

ನಾನು ಹಿತ್ತಲಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಮಗಳು ಬಂದಳು.

"ನಿಮ್ಮಿಂದ ಅಮ್ಮ ಒಂದು ರಾತ್ರಿ ಆ ಪೆಟ್ಟಿಗೇಲಿ ಮಲಗಬೇಕಾಯ್ತು," ಅಂದಳು. "ನಮ್ಮನೆಗೆ ಇನ್ನು ನಿಮ್ಮನ್ನ ಕರೆಯಲ್ಲ."

ಸರಿ ಅಂದೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ. ಅವತ್ತಿನಿಂದ ಫೋನ್ ಬಂದರೆ ನನ್ನ ಮೊದಲ ಮಾತು, ಕೂರಿಸೋದಾ ಮಲಗಿಸೋದಾ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಹೋದ ವರ್ಷ ಒಂದು ಮಧ್ಯಾಹ್ನ ಮತ್ತೆ ಶಂಕರಪುರದಿಂದ ಫೋನ್ ಬಂತು. ಆ ಹುಡುಗಿಯೇ. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು.

"ಅಜ್ಜಿ, ನಮ್ಮ ಚಿಕ್ಕತ್ತೆ ಹೋಗ್ಬಿಟ್ರು. ಕಾಲು ಮಡಿಸಿ ಗೋಡೆಗೆ ಒರಗಿಸಿ ಕಟ್ಟಿದೀನಿ. ಗಲ್ಲಾನೂ ಕಟ್ಟಾಯ್ತು."

ಚಿಕ್ಕತ್ತೆ ಅಂದರೆ ಆವತ್ತು ಮಲಗಿಸಿ ಒಯ್ಯೋಣ ಅಂದ ಹಿರಿಯರ ಹೆಂಡತಿ. ಮತ್ತೆ ನಾನ್ಯಾಕೆ ಎಂದು ಕೇಳಿದೆ. ಸರಿಯಾಗಿದೆಯಾ ಎಂದು ಒಮ್ಮೆ ನೋಡಿ ಹೋಗಬೇಕಂತೆ. ಮನೆಯವರೆಲ್ಲ ತನ್ನನ್ನೇ ಕರೆದರಂತೆ, ತಾನು ಒಬ್ಬಳೇ ಮಾಡಿದ್ದು ಇದೇ ಮೊದಲಂತೆ.

ಆಟೋ ಹಿಡಿದು ಹೋದೆ. ದಾವಣಗೆರೆಯವಳು ಇನ್ನೂ ಬಂದಿರಲಿಲ್ಲ, ದಾರಿಯಲ್ಲಿದ್ದಳಂತೆ. ಹುಡುಗಿ ಕಾಲು ಚೆನ್ನಾಗಿ ಮಡಿಸಿದ್ದಳು, ಎರಡು ಮಂಡಿಯೂ ನೆಲಕ್ಕೆ ತಾಗಿದ್ದವು. ಹಣೆಯ ಗಂಟು ಒಂದಿಷ್ಟು ಸಡಿಲ ಇತ್ತು. ಬಿಚ್ಚಿ, ಅವಳಿಗೆ ತೋರಿಸಿ, ಮತ್ತೆ ಕಟ್ಟಿದೆ.